ಮೈಸೂರು ಬ್ಯಾಂಕ್

ಹೆಬ್ಬಾಳದಿಂದ ಮಾರ್ಕೆಟ್ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಇಂದಿಗೂ "ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್" ಎಂದು ಕೂಗುತ್ತಾರೆ. ಇಳಿದವರಿಗೆ ಕೆಂಪೇಗೌಡ ರಸ್ತೆ ಮತ್ತು ಅವೆನ್ಯೂ ರಸ್ತೆ ಸೇರುವಲ್ಲಿ ಕಾಣುವ ಫಲಕ ಮಾತ್ರ ಭಾರತೀಯ ಸ್ಟೇಟ್ ಬ್ಯಾಂಕಿನದು. ಮೈಸೂರು ಬ್ಯಾಂಕ್ ಮೈಸೂರು ನಗರದ ಬ್ಯಾಂಕಾಗಿರಲಿಲ್ಲ. ಹೆಸರು ಮೈಸೂರು ಸಂಸ್ಥಾನದ್ದು, ಪ್ರಧಾನ ಕಚೇರಿ ಇದ್ದದ್ದು ಬೆಂಗಳೂರಿನಲ್ಲಿ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿ ದೊಡ್ಡ ಬ್ಯಾಂಕ್ ಎಂದರೆ ದಂಡಿನ (ಕಂಟೋನ್ಮೆಂಟಿನ) ಕಡೆಯ ಬ್ಯಾಂಕ್ ಆಫ್ ಮದ್ರಾಸ್. ಸಂಸ್ಥಾನದ ದುಡ್ಡು ಸಂಸ್ಥಾನದ ವ್ಯಾಪಾರ, ಕೈಗಾರಿಕೆಗೇ ಒದಗಬೇಕು ಎಂಬುದು ಸರ್ ಎಂ. ವಿಶ್ವೇಶ್ವರಯ್ಯನವರ ಹಂಬಲ. ಅವರ ನೇತೃತ್ವದ ಬ್ಯಾಂಕಿಂಗ್ ಸಮಿತಿಯ ಸಲಹೆಯಂತೆ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದ ಆಶ್ರಯದಲ್ಲಿ 'ದಿ ಬ್ಯಾಂಕ್ ಆಫ್ ಮೈಸೂರ್ ಲಿಮಿಟೆಡ್' ಸ್ಥಾಪನೆಯಾಗಿ, 1913ರ ಅಕ್ಟೋಬರ್ 2ರಂದು ವ್ಯವಹಾರ ಆರಂಭಿಸಿತು.

ಗಳಿಗೆ ಚೆನ್ನಾಗಿರಲಿಲ್ಲ. ಸ್ವದೇಶಿ ಚಳವಳಿಯ ಹುರುಪಿನಲ್ಲಿ ದೇಶದ ಉದ್ದಗಲಕ್ಕೂ ಹುಟ್ಟಿದ ಬ್ಯಾಂಕುಗಳು ಆಗಲೇ ಕುಸಿಯತೊಡಗಿದ್ದವು. ಲಾಹೋರಿನ ಪೀಪಲ್ಸ್ ಬ್ಯಾಂಕ್ ಅದೇ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತ್ತು. ಮುಂದಿನ ಕೆಲವು ವರ್ಷ ಇಂಥ ಸುದ್ದಿಗಳು ಬರುತ್ತಲೇ ಇದ್ದವು. ಇಟ್ಟ ಗಂಟು ಮುಳುಗೀತೆಂದು ಜನ ಅಂಜುತ್ತಿದ್ದ ಕಾಲದಲ್ಲಿ ಅರಸರ ಬೆಂಬಲ ಈ ಬ್ಯಾಂಕಿಗೆ ದೊಡ್ಡ ಆಸರೆಯಾಯಿತು.

1953ರಲ್ಲಿ ಮೈಸೂರು ಬ್ಯಾಂಕ್ ರಿಸರ್ವ್ ಬ್ಯಾಂಕಿನ ಏಜೆಂಟಾಗಿ ಸರ್ಕಾರಿ ಖಜಾನೆಯ ವ್ಯವಹಾರ ವಹಿಸಿಕೊಂಡಿತು. 1959ರ ಕಾಯಿದೆಯಂತೆ 1960ರ ಮಾರ್ಚ್‌ನಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ 'ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್' ಎಂಬ ಹೆಸರು ಪಡೆಯಿತು. ಹೆಸರು ಉದ್ದವಾದರೂ ಜನರ ಬಾಯಲ್ಲಿ ಉಳಿದದ್ದು 'ಮೈಸೂರು ಬ್ಯಾಂಕ್', ಇಲ್ಲವೇ 'ಎಸ್‌ಬಿಎಂ'. ಯಲಹಂಕ, ಯಶವಂತಪುರ, ಆರ್‌.ಟಿ. ನಗರದಂಥ ಕಡೆ ಮೇಷ್ಟರ ಸಂಬಳ, ನಿವೃತ್ತರ ಪಿಂಚಣಿ ಇದರ ಶಾಖೆಗಳಿಗೆ ಬರುತ್ತಿತ್ತು. ತಿಂಗಳ ಮೊದಲ ವಾರ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತ ಹಿರಿಯರಿಗೆ ಕೌಂಟರಿನಲ್ಲಿ ಕನ್ನಡದಲ್ಲೇ ಮಾತು ಸಿಗುತ್ತಿತ್ತು. ಆ ಸಲಿಗೆಯೇ ಬ್ಯಾಂಕಿನ ನಿಜವಾದ ಬಂಡವಾಳ.

2017ರ ಏಪ್ರಿಲ್ 1ರಂದು ಬಿಕಾನೇರ್ ಮತ್ತು ಜೈಪುರ, ಹೈದರಾಬಾದ್, ಪಟಿಯಾಲ, ತಿರುವಾಂಕೂರು ಬ್ಯಾಂಕುಗಳೊಂದಿಗೆ ಮೈಸೂರು ಬ್ಯಾಂಕ್ ಕೂಡ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ದಂಡಿನ ಬ್ಯಾಂಕ್ ಆಫ್ ಮದ್ರಾಸ್ 1921ರಲ್ಲಿ ಇಂಪೀರಿಯಲ್ ಬ್ಯಾಂಕಿಗೆ ಸೇರಿತ್ತು; ಅದು 1955ರಲ್ಲಿ ಸ್ಟೇಟ್ ಬ್ಯಾಂಕಾಯಿತು. ಹೀಗೆ ದಂಡಿನ ಬ್ಯಾಂಕೂ ಸಂಸ್ಥಾನದ ಬ್ಯಾಂಕೂ ಕೊನೆಗೆ ಒಂದೇ ಮನೆ ಸೇರಿದವು. ಲೆಕ್ಕಪತ್ರದ ದೃಷ್ಟಿಯಿಂದ ವಿಲೀನಕ್ಕೆ ಕಾರಣಗಳಿದ್ದವು, ನಿಜ. ಆದರೆ ನೂರು ವರ್ಷ ದಾಟಿದ ಹೆಸರೊಂದು ಫಲಕದಿಂದ ಇಳಿದದ್ದು ಕನ್ನಡಿಗರಿಗೆ ನಷ್ಟವೇ.

ಕೆಂಪೇಗೌಡ ರಸ್ತೆ, ಅವೆನ್ಯೂ ರಸ್ತೆ ಸೇರುವ ಸರ್ಕಲ್ಲಿಗೆ ಮಾತ್ರ ಆ ಹೆಸರು ಅಂಟಿಕೊಂಡಿದೆ. ಹತ್ತಿರದ ಮೆಟ್ರೊ ನಿಲ್ದಾಣ ವಿಶ್ವೇಶ್ವರಯ್ಯನವರ ಹೆಸರಿನಲ್ಲಿದೆ. ಹಳೆಯ ಗ್ರಾಹಕರ ಪಾಸ್‌ಬುಕ್ಕಿನಲ್ಲೂ ಒಂದು ಗುರುತು ಸಿಗುತ್ತದೆ. ಐಎಫ್‌ಎಸ್‌ಸಿ ಸಂಕೇತದ ಮೊದಲ ನಾಲ್ಕು ಅಕ್ಷರ 'ಎಸ್‌ಬಿಎಂವೈ' ಹೋಗಿ 'ಎಸ್‌ಬಿಐಎನ್' ಆಗಿದೆ. ಅದರ ಮುಂದಿನ 0040 ಮಾತ್ರ ಮೈಸೂರು ಬ್ಯಾಂಕಿನ ಕಾಲದಲ್ಲಿದ್ದಂತೆಯೇ ಇದೆ.