ದೊಡ್ಡಸ್ವಾಮಿಯವರು: ಮೈಸೂರು ಸೀಮೆಯಲ್ಲಿ ಅಬ್ಬೆ ದುಬ್ವಾ

ಶತಮಾನೋತ್ಸವದ ಸಂದರ್ಭದಲ್ಲಿ ದೇವಾಲಯದ ಚರಿತ್ರೆಯನ್ನು ಬರೆಯಲು ಕುಳಿತವರು ಸಾಮಾನ್ಯವಾಗಿ ಅಸ್ತಿಭಾರದ ಕಲ್ಲಿನಿಂದ ಆರಂಭಿಸುತ್ತಾರೆ. ಯಾವ ವರ್ಷ, ಯಾವ ಬಿಷಪರ ಕಾಲ, ಯಾವ ಗುರುಗಳ ಮುಂದಾಳುತನ ಎಂಬ ವಿವರಗಳು ಕ್ರಮವಾಗಿ ಬರುತ್ತವೆ. ಆದರೆ ಕಲ್ಲು ಕಟ್ಟುವುದಕ್ಕೂ ಬಹು ಮುಂಚೆ, ಹಡಗಿನಿಂದ ಇಳಿದು ಕಾಲ್ದಾರಿಯಲ್ಲಿ ಈ ನಾಡಿನ ಒಳಕ್ಕೆ ನಡೆದು ಬಂದ ಪರದೇಶದ ಗುರುಗಳು ಇಲ್ಲಿ ಹೇಗೆ ಬಾಳಿದರು, ಏನನ್ನು ಉಟ್ಟರು, ತಮ್ಮ ದುಡಿಮೆಯ ಫಲವನ್ನು ಯಾವ ಅಳತೆಯಿಂದ ಅಳೆದುಕೊಂಡರು ಎಂಬುದನ್ನು ನಾವು ವಿಚಾರಿಸುವುದು ಕಡಮೆ. ಅಂಥವರಲ್ಲಿ ಒಬ್ಬರ ಕಥೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅವರು ಅಬ್ಬೆ ಜೀನ್ ಆಂತ್ವಾನ್ ದುಬ್ವಾ. ಫ್ರೆಂಚ್ ಭಾಷೆಯಲ್ಲಿ ‘ಅಬ್ಬೆ’ ಎಂದರೆ ಗುರು. ನಮ್ಮ ಹಳಗನ್ನಡದಲ್ಲಿ ತಾಯಿ. ಇದು ಬರಿಯ ಆಕಸ್ಮಿಕವೆಂದು ಬಲ್ಲೆನಾದರೂ, ಆ ಹೆಸರನ್ನು ಓದಿದಾಗಲೆಲ್ಲ ಈ ಮಾತು ನೆನಪಿಗೆ ಬಾರದೆ ಇರುವುದಿಲ್ಲ.

ದುಬ್ವಾ ಅವರು ಫ್ರಾನ್ಸಿನ ದಕ್ಷಿಣ ಭಾಗದ ಆರ್ದೆಶ್ ಪ್ರಾಂತದಲ್ಲಿ ಹುಟ್ಟಿದವರು. 1792ರಲ್ಲಿ, ಅವರ ದೇಶ ಮಹಾಕ್ರಾಂತಿಯ ಬೆಂಕಿಯಲ್ಲಿ ಬೇಯುತ್ತಿದ್ದಾಗ, ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಗುರುವಾಗಿ ಭಾರತಕ್ಕೆ ಹೊರಟರು. ಆಗ ಇಲ್ಲಿಯ ಧರ್ಮಸಭೆಯ ಪರಿಸ್ಥಿತಿ ಶೋಚನೀಯವಾಗಿತ್ತು. ಹದಿನೇಳನೇ ಶತಮಾನದ ನಡುಭಾಗದಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣದಲ್ಲಿ ನೆಟ್ಟ ಸಸಿಯನ್ನು ಅವರ ಸಭೆಯವರೇ ನೂರು ವರ್ಷಕ್ಕೂ ಮೇಲ್ಪಟ್ಟು ನೀರೆರೆದು ಬೆಳೆಸಿದ್ದರು. 1773ರಲ್ಲಿ ವಿಶ್ವಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನೇ ವಿಸರ್ಜಿಸಿದರು. ವೃದ್ಧ ಗುರುಗಳು ಒಬ್ಬೊಬ್ಬರಾಗಿ ಗತಿಸಿದರು. ಅವರ ಸ್ಥಾನಕ್ಕೆ ಬರುವವರಿಲ್ಲ. ಕೆಲವೇ ವರ್ಷಗಳಲ್ಲಿ ಆ ಭಾರವೆಲ್ಲ ಪ್ಯಾರಿಸ್ ಸಂಘದ ಬೆರಳೆಣಿಕೆಯ ಗುರುಗಳ ಹೆಗಲಿಗೆ ಬಿತ್ತು. ಅದರ ಮೇಲೆ ಮೈಸೂರಿನ ಯುದ್ಧಗಳು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿದ ದುಃಖದ ಕಥೆ ನಮ್ಮ ಮನೆಗಳಲ್ಲಿ ಇಂದಿಗೂ ಹೇಳುವಂಥದು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಪ್ರಸಿದ್ಧನಾದ ಕರ್ನಲ್ ವೆಲ್ಲೆಸ್ಲಿಯ ಶಿಫಾರಸಿನಿಂದ ದುಬ್ವಾ ಅವರು ಅಲ್ಲಿಗೆ ಬಂದರು. ಚದುರಿ ಹೋಗಿದ್ದ ವಿಶ್ವಾಸಿಗಳನ್ನು ಹುಡುಕಿ ಒಟ್ಟುಗೂಡಿಸುವುದೇ ಅವರ ಮೊದಲ ಕಾರ್ಯ. ಗಂಜಾಮಿನ ದೇವಾಲಯವನ್ನು ಇಂದಿಗೂ ಅವರ ಹೆಸರಿನಿಂದ ಗುರುತಿಸುವುದುಂಟು.

ಅವರ ದಿನಚರಿಯ ವಿಷಯದಲ್ಲಿ ನಮಗೆ ದೊರೆಯುವುದು ಮುಖ್ಯವಾಗಿ ಅವರೇ ಬರೆದಿಟ್ಟ ಮಾತುಗಳು. ಈ ಜನರ ನಂಬಿಕೆಯನ್ನು ಗಳಿಸದೆ ಇಲ್ಲಿ ಏನೂ ಸಾಧ್ಯವಿಲ್ಲವೆಂದು ಬಂದ ಹೊಸತರಲ್ಲೇ ಅವರು ಕಂಡುಕೊಂಡರು. ಆದ್ದರಿಂದ ಇಲ್ಲಿಯವರು ಬಾಳಿದಂತೆ ತಾವೂ ಬಾಳುವುದೆಂದು ನಿಯಮ ಮಾಡಿಕೊಂಡರು. ಅವರಂತೆಯೇ ಉಟ್ಟರು, ಅವರ ಆಚಾರ ವ್ಯವಹಾರಗಳನ್ನು ಕಲಿತರು, ತಮಗೆ ಒಪ್ಪಿಗೆಯಾಗದ ಸಂಪ್ರದಾಯಗಳ ಎದುರಿನಲ್ಲಿಯೂ ಮುಖ ಸಿಂಡರಿಸಲಿಲ್ಲ. ಚಿತ್ರಕಾರ ಥಾಮಸ್ ಹಿಕಿ ಬರೆದ ಅವರ ಭಾವಚಿತ್ರದಲ್ಲಿಯೂ ಇಲ್ಲಿಯ ಉಡುಪೇ ಇದೆ. ಇದರ ಫಲವಾಗಿ ಎಲ್ಲ ಜಾತಿಯವರೂ ಅವರನ್ನು ಆದರಿಸಿದರು. ಕೇಳದೆಯೇ ತಮ್ಮ ಮನೆಯ ಒಳಗಿನ ವಿಷಯಗಳನ್ನು ಅವರ ಮುಂದೆ ಹೇಳಿಕೊಂಡರು. ಜನ ಅವರನ್ನು ಕರೆದದ್ದು ‘ದೊಡ್ಡಸ್ವಾಮಿಯವರು’ ಎಂದು. ಅವರು ಈ ನಾಡನ್ನು ಬಿಟ್ಟು ಎಪ್ಪತ್ತು ವರ್ಷಗಳಾದ ಮೇಲೂ ಹಳ್ಳಿಗಳಲ್ಲಿ ಆ ಹೆಸರು ಉಳಿದಿತ್ತು.

ಅವರ ಎರಡು ಕೆಲಸಗಳನ್ನು ವಿಶೇಷವಾಗಿ ಸ್ಮರಿಸಬೇಕು. ಯುದ್ಧದಿಂದ ಹೊಲಮನೆಗಳನ್ನು ಕಳೆದುಕೊಂಡಿದ್ದ ಕ್ರೈಸ್ತರಿಗಾಗಿ ಅವರು ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಸಮೀಪದ ಸಾತಳ್ಳಿ. ಪ್ರಸಂಗಕ್ಕಿಂತ ಮೊದಲು ಉಳಲು ನೆಲ ಬೇಕೆಂಬುದು ಆ ರೈತ ಸೀಮೆಯಲ್ಲಿ ಅವರಿಗೆ ಮನವರಿಕೆಯಾಗಿತ್ತು.

ಎರಡನೆಯದು ಸಿಡುಬಿನ ವಿರುದ್ಧ ಹೋರಾಟ. ನಮ್ಮ ಅಜ್ಜಿಯರು ‘ದೇವಿ ಹಾಕುವುದು’ ಎನ್ನುತ್ತಿದ್ದ ಲಸಿಕೆಯ ಕ್ರಮವನ್ನು ಇಂಗ್ಲೆಂಡಿನ ಜೆನ್ನರ್ ಪ್ರಕಟಿಸಿದ್ದು 1798ರಲ್ಲಿ. ಅದು ಮುಂಬಯಿಗೆ ತಲಪಿದ್ದು 1802ರಲ್ಲಿ. 1803–04ರಲ್ಲಿ ದುಬ್ವಾ ಅವರ ಪ್ರಯತ್ನದಿಂದ ಮೈಸೂರು ಸೀಮೆಯಲ್ಲಿ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ಲೆಕ್ಕವಿದೆ. ಅಂದಿನ ಲಸಿಕೆ ಸೀಸೆಯಲ್ಲಿ ಬರುತ್ತಿದ್ದುದಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ಕೀವನ್ನು ತೆಗೆದು, ಹಸಿಯಿರುವಾಗಲೇ ಇನ್ನೊಂದು ಮಗುವಿನ ತೋಳಿಗೆ ಹಚ್ಚಬೇಕು. ವಾರ ತಪ್ಪಿದರೆ ಸರಪಳಿ ತುಂಡಾದಂತೆ. ಮುಟ್ಟು, ಮಡಿ, ಜಾತಿಗಳ ಕಟ್ಟುಪಾಡು ಅಷ್ಟು ಬಿಗಿಯಾಗಿದ್ದ ಕಾಲದಲ್ಲಿ, ಒಬ್ಬರ ಮೈಯಿಂದ ತೆಗೆದುದನ್ನು ಮತ್ತೊಬ್ಬರ ಮೈಗೆ ಸೇರಿಸಲು ತಾಯಂದಿರು ತೋಳು ಒಡ್ಡಿಸಿದರೆಂದರೆ, ಅದು ಔಷಧದ ಮೇಲಿನ ನಂಬಿಕೆಗಿಂತ ಹೆಚ್ಚಾಗಿ ಮನುಷ್ಯನ ಮೇಲಿನ ನಂಬಿಕೆ ಎಂದೇ ನನ್ನ ಭಾವನೆ.

ಹೊರಗಿನ ಲೋಕ ಮಾತ್ರ ಅವರನ್ನು ಬಲ್ಲುದು ಒಂದು ಗ್ರಂಥದಿಂದ. ಹಿಂದೂಗಳ ನಡೆನುಡಿ, ಆಚಾರ, ವಿಧಿಗಳನ್ನು ವರ್ಣಿಸುವ ಅವರ ಫ್ರೆಂಚ್ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2,000 ವರಾಹ ಕೊಟ್ಟು ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಇಲ್ಲಿ ಒಂದು ಅಪ್ರಿಯ ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ. 1987ರಲ್ಲಿ ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ಪ್ರಕಟಿಸಿದ ಸಂಶೋಧನೆಯಂತೆ, ಆ ಗ್ರಂಥದ ಬಹುಭಾಗಕ್ಕೆ ಮೂಲ ಗಾಸ್ತೋನ್ ಲೋರಾ ಕೂರ್ದು ಎಂಬ ಯೇಸುಸಭೆಯ ಗುರುಗಳ ಬರಹ. ಕೂರ್ದು ಅವರು 1732ರಿಂದ ದಕ್ಷಿಣ ಭಾರತದಲ್ಲಿ ದುಡಿದು, 1779ರಲ್ಲಿ ಪಾಂಡಿಚೇರಿಯಲ್ಲಿ ಕಣ್ಣು ಮುಚ್ಚಿದವರು; ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ಇರುವ ಸಂಬಂಧವನ್ನು ಮೊದಲಾಗಿ ಗುರುತಿಸಿದವರಲ್ಲಿ ಒಬ್ಬರು. ದುಬ್ವಾ ಅವರು ಆ ಋಣವನ್ನು ಹೇಳಿಕೊಳ್ಳಲಿಲ್ಲ. ಇಂದಿನ ಅಳತೆಯಲ್ಲಿ ಇದು ದೋಷವೇ ಸರಿ. ಅಂದಿನ ಅಳತೆಯಲ್ಲಿಯೂ ಒಂದು ಮಾತು ಹೇಳಬಹುದಿತ್ತು. ಅವರ ಕಣ್ಣು ಕಂಡದ್ದೂ ಕೂರ್ದು ಅವರ ಕಣ್ಣು ಕಂಡದ್ದೂ ಆ ಪುಟಗಳಲ್ಲಿ ಬೆರೆತು ಹೋಗಿವೆಯಾದ್ದರಿಂದ, ಓದುವವರು ಎಚ್ಚರಿಕೆಯಿಂದ ಓದಬೇಕು.

ಆದರೆ 1823ರಲ್ಲಿ ಅಚ್ಚಾದ ಅವರ ಇನ್ನೊಂದು ಪುಸ್ತಕ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿಯನ್ನು ಕುರಿತ ಪತ್ರಗಳು, ಸಂಪೂರ್ಣವಾಗಿ ಅವರ ಸ್ವಂತ ಹೃದಯದಿಂದ ಬಂದದ್ದು. ನಮ್ಮಂಥ ವಿಶ್ವಾಸಿಗಳಿಗೆ ಅದನ್ನು ಓದುವುದು ಸುಲಭವಲ್ಲ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಮ್ಮ ಕೈಯಿಂದ ಧರ್ಮಕ್ಕೆ ಬಂದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದು ಅವರು ಬರೆದಿದ್ದಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆನಿಸಿಕೊಂಡವರು, ಭಿಕ್ಷುಕರು. ಉಳಿದವರೂ ಏನಾದರೊಂದು ಲಾಭವನ್ನು ಬಯಸಿ ಬಂದವರೆಂದು ಅವರ ದೂರು. ಈ ದೇಶದಲ್ಲಿ ಧರ್ಮಪ್ರಚಾರಕ್ಕೆ ಭವಿಷ್ಯವಿಲ್ಲವೆಂಬುದೇ ಅವರ ತೀರ್ಮಾನ. ಲಂಡನ್ನಿನಲ್ಲಿ ಇದು ದೊಡ್ಡ ಕೋಲಾಹಲವನ್ನೆಬ್ಬಿಸಿತು. ಜೇಮ್ಸ್ ಹೌ ಎಂಬ ಪ್ರಾಟೆಸ್ಟಂಟ್ ಪಾದ್ರಿಗಳು ಮರುವರ್ಷವೇ ಒಂದು ಗ್ರಂಥದಷ್ಟು ಉತ್ತರ ಬರೆದರು.

ಆ ಪತ್ರಗಳನ್ನು ನಾನು ಅಲ್ಲಗಳೆಯುವುದಿಲ್ಲ. ಬಹುಮಂದಿ ತಮ್ಮ ವರದಿಗಳಲ್ಲಿ ಸಂಖ್ಯೆಗಳನ್ನು ಹಿಗ್ಗಿಸಿ ಬರೆಯುವ ಈ ಲೋಕದಲ್ಲಿ, ತಮ್ಮ ಬರಿಗೈಯನ್ನು ಎಲ್ಲರ ಮುಂದೆ ತೆರೆದು ತೋರಿಸಿದ ಗುರು ಅಪರೂಪ. ಆದರೆ ಅವರ ಅಳತೆಗೋಲಿನ ಬಗ್ಗೆ ನನ್ನ ತಕರಾರಿದೆ. ಜಾತಿಯ ಏರ್ಪಾಡನ್ನು ಅವರು ಈ ದೇಶವನ್ನು ಕಾಪಾಡಿದ ವ್ಯವಸ್ಥೆಯೆಂದು ಹೊಗಳಿದವರು. ದೇವಾಲಯದ ಒಳಗೂ ಜಾತಿಯ ಸಾಲುಗಳು ಉಳಿದುಕೊಂಡದ್ದು ಇಂಥ ವಿಚಾರಗಳಿಂದಲೇ. ಅದರ ನೋವನ್ನು ಉಂಡವರು ನಮ್ಮ ಸಭೆಗಳಲ್ಲಿ ಇನ್ನೂ ಇದ್ದಾರೆ. ಬ್ರಾಹ್ಮಣರು ಬರಲಿಲ್ಲ, ಬಂದವರು ಬಡವರು ಮಾತ್ರ ಎಂದು ಅವರು ನಿಟ್ಟುಸಿರುಬಿಟ್ಟಾಗ, ಬೆತ್ಲೆಹೇಮಿಗೆ ಮೊದಲು ಬಂದವರು ಯಾರೆಂಬುದನ್ನು ಆ ಕ್ಷಣ ಮರೆತಿದ್ದರೇನೋ. ಅವರು ಸೋಲೆಂದು ಎಣಿಸಿದ ಆ ಮೂರರಲ್ಲಿ ಎರಡು ಪಾಲು ಜನರೂ, ಸಾತಳ್ಳಿಯಲ್ಲಿ ನೇಗಿಲು ಹಿಡಿದ ಕುಟುಂಬಗಳೂ ಅವರು ಹೋದ ಮೇಲೆ ಶಿಲುಬೆಯನ್ನು ಕೈಬಿಡಲಿಲ್ಲ. ಆ ಶತಮಾನದ ಕೊನೆಯ ಹೊತ್ತಿಗೆ ಸಾತಳ್ಳಿ ಒಂದೇ ಊರಲ್ಲ, ಕ್ರೈಸ್ತ ರೈತರ ಹಲವು ಹಳ್ಳಿಗಳ ನಡುವಿನ ಕೇಂದ್ರವಾಗಿತ್ತು. ಲೆಕ್ಕವನ್ನು ತುಸು ಬೇಗ ಮುಗಿಸಿಬಿಟ್ಟರೆಂದು ಹೇಳದೆ ವಿಧಿಯಿಲ್ಲ.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಬರುವಾಗ ಇದ್ದ ತಾರುಣ್ಯ ಹೋಗುವಾಗ ಇರಲಿಲ್ಲ, ಐವತ್ತೇಳನೇ ವಯಸ್ಸು. ಕಂಪನಿ ಅವರಿಗೆ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಪ್ಯಾರಿಸ್ಸಿನಲ್ಲಿ 1825ರಲ್ಲಿ ತಮ್ಮ ದೊಡ್ಡ ಗ್ರಂಥದ ಫ್ರೆಂಚ್ ಆವೃತ್ತಿಯನ್ನೂ, ಮರುವರ್ಷ ಪಂಚತಂತ್ರದ ಫ್ರೆಂಚ್ ಅನುವಾದವನ್ನೂ ಹೊರತಂದರು.

ಭಾರತದಲ್ಲಿ ಇನ್ನು ಏನೂ ಆಗದೆಂದು ಬರೆದ ಆ ವೃದ್ಧರು ಆಮೇಲೆ ಏನು ಮಾಡಿದರು? ತಮ್ಮ ಹಳ್ಳಿಗೆ ಹೋಗಿ ವಿಶ್ರಮಿಸಲಿಲ್ಲ. ಪೂರ್ವದೇಶಗಳಿಗೆ ಹೊರಡುವ ತರುಣ ಗುರುಗಳನ್ನು ಸಿದ್ಧಪಡಿಸುವ ತಮ್ಮ ಸಂಘದ ಗುರುಮಠವನ್ನೇ ಸೇರಿಕೊಂಡರು. ಅದರ ನಿರ್ದೇಶಕರಲ್ಲಿ ಒಬ್ಬರಾದರು, ಕೆಲವು ವರ್ಷ ಮುಖ್ಯಸ್ಥರೂ ಆಗಿದ್ದರು. 1848ರಲ್ಲಿ ಅಲ್ಲಿಯೇ ನಿಧನರಾದರು. ಅದಾದ ಎರಡು ವರ್ಷಕ್ಕೆ, 1850ರಲ್ಲಿ, ಮೈಸೂರು ಸ್ವತಂತ್ರ ಅಪೋಸ್ತಲಿಕ ಪ್ರಾಂತವೆಂದು ಘೋಷಿತವಾಯಿತು. ಅದರ ಮೊದಲ ಬಿಷಪರಾದ ಶಾರ್ಬೊನೊ ಅವರೂ ಅದೇ ಪ್ಯಾರಿಸ್ ಸಂಘದವರು.