ಸೀಟು ಯಾರ ಅಳತೆಗೆ? ಹೆಣ್ಣುಮಕ್ಕಳ ಸೈಕಲ್ ಸವಾರಿಯ ಒಂದು ಮರೆತ ಅಧ್ಯಾಯ

ಇವತ್ತಿನ ವಿಷಯ ಸ್ವಲ್ಪ ಮುಜುಗರದ್ದು. ಸೈಕಲ್ಲಿನ ಸೀಟು, ಅದರಲ್ಲೂ ಹೆಂಗಸರು ಕೂರುವ ಸೀಟು. ಇದರಲ್ಲಿ ಚರಿತ್ರೆ ಏನಿದೆ ಅಂತೀರಾ? ಇದೆ. ನೂರಮೂವತ್ತು ವರ್ಷದ್ದು ಇದೆ.

ನನ್ನ ಕಥೆಯಿಂದಲೇ ಶುರು ಮಾಡ್ತೀನಿ. ಹೈಸ್ಕೂಲಿನಲ್ಲಿ ದಿನಾ ಸೈಕಲ್ ತುಳಿದವಳು ನಾನು. ಆಮೇಲೆ ಕಾಲೇಜು, ಕೆಲಸ, ಸಂಸಾರ ಅಂತ ಬಿಟ್ಟುಹೋಯ್ತು. ನಲವತ್ತು ದಾಟಿದ ಮೇಲೆ ಆಸೆಪಟ್ಟು ಒಂದು ಗೇರ್ ಸೈಕಲ್ ತಗೊಂಡೆ. ಮೊದಲ ಭಾನುವಾರವೇ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ಕಾಲು ನೋಯಲಿಲ್ಲ, ಏದುಸಿರೂ ಬರಲಿಲ್ಲ. ಆದರೆ ಕೂತ ಜಾಗ ಮಾತ್ರ ಬೆಂಕಿ. ಮೂರನೇ ವಾರದ ಹೊತ್ತಿಗೆ ಉರಿ ಹೋಗಿ ಮರಗಟ್ಟೋಕೆ ಶುರುವಾಯ್ತು. ಅದು ಹೆದರಿಕೆ ಹುಟ್ಟಿಸಿತು.

ಸೈಕಲ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗನ ಹತ್ತಿರ ಎಲ್ಲಿ ನೋವು ಅಂತ ಹೇಳೋದು ಹೇಗೆ? "ಸೀಟು ಸರಿ ಇಲ್ಲಪ್ಪ" ಅಂದೆ. "ಮೊದಮೊದಲು ಹಂಗೇ ಅಕ್ಕಾ, ಆಮೇಲೆ ಒಗ್ಗಿಹೋಗುತ್ತೆ" ಅಂದ. ಒತ್ತಾಯ ಮಾಡಿದ್ದಕ್ಕೆ ದಪ್ಪನೆಯ ಜೆಲ್ ಕವರ್ ಒಂದನ್ನ ಕೊಟ್ಟ. ಅದನ್ನ ಹಾಕಿದ ಮೇಲೆ ನೋವು ಇನ್ನೂ ಹೆಚ್ಚಾಯ್ತು. ಮನೆಯಲ್ಲಿ ಅಮ್ಮನ ಹತ್ತಿರ ಹೇಳಿಕೊಂಡರೆ, "ಈ ವಯಸ್ಸಲ್ಲಿ ಯಾಕೆ ಬೇಕಿತ್ತೇ ನಿನಗೆ? ಬಿಟ್ಹಾಕು" ಅಂದ್ರು. ನಿಜ ಹೇಳ್ತೀನಿ, ಬಿಟ್ಟೇಬಿಡುವವಳಿದ್ದೆ. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಉಳೀತು. ಇಷ್ಟು ಹಳೆಯ ವಾಹನ, ಇಷ್ಟೊಂದು ಹೆಂಗಸರು ಓಡಿಸಿದ್ದಾರೆ. ನನಗಿಂತ ಮೊದಲು ಯಾರೂ ಇದನ್ನ ಕೇಳಲಿಲ್ವಾ?

ಕೇಳಿದ್ರು. ಅದೇ ಇವತ್ತಿನ ಕಥೆ.

ನಾವು ಇವತ್ತು ಓಡಿಸುವ ಮಾದರಿಯ ಸೈಕಲ್ಲಿಗೆ ದಾರಿ ಹಾಕಿಕೊಟ್ಟದ್ದು 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ರೋವರ್. ಅದಕ್ಕೂ ಮುಂಚೆ ಮುಂದಿನ ಚಕ್ರ ಆಳೆತ್ತರ ಇರುವ ಸೈಕಲ್ಲುಗಳಿದ್ದವು. ಉದ್ದ ಲಂಗದ ಹೆಂಗಸರು ಅದನ್ನ ಹತ್ತುವ ಮಾತೇ ಇರಲಿಲ್ಲ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಅಲ್ಲಿಗೆ ಮೈ ಕುಲುಕೋದು ಕಡಿಮೆಯಾಯ್ತು. ಸೀಟಿನ ವಿಷಯಕ್ಕೆ ಬಂದರೆ, ಬರ್ಮಿಂಗ್‌ಹ್ಯಾಮಿನಲ್ಲಿ ಚರ್ಮದ ಸಾಮಾನು ಮಾಡುತ್ತಿದ್ದ ಜಾನ್ ಬೋಲ್ಟ್‌ಬೀ ಬ್ರೂಕ್ಸ್ 1882ರಲ್ಲೇ ಸೈಕಲ್ ಸೀಟಿಗೆ ಪೇಟೆಂಟ್ ಪಡೆದಿದ್ದ. ಕುದುರೆ ಸತ್ತುಹೋಗಿ, ಯಾರದೋ ಸೈಕಲ್ ಎರವಲು ತಂದು ಓಡಿಸಿ, ಅದರ ಸೀಟಿನ ಕಾಟ ತಾಳಲಾರದೆ ಈ ಕೆಲಸಕ್ಕೆ ಇಳಿದ ಅಂತ ಆ ಕಂಪನಿಯವರೇ ಕಥೆ ಹೇಳ್ತಾರೆ. ಅಂದ್ರೆ ನೋಡಿ, ಬ್ರೂಕ್ಸ್ ಸೀಟಿನ ಉದ್ಯಮ ಶುರುವಾದದ್ದೇ ಕೂರೋಕಾಗದ ಗಂಡಸೊಬ್ಬನ ದೂರಿನಿಂದ. ಅವನಿಗೆ ಯಾರೂ "ಒಗ್ಗಿಹೋಗುತ್ತೆ ಬಿಡಿ" ಅಂದಿರಲಿಕ್ಕಿಲ್ಲ.

1890ರ ದಶಕದಲ್ಲಿ ಅಮೆರಿಕ, ಯುರೋಪುಗಳಲ್ಲಿ ಸೈಕಲ್ ಹುಚ್ಚು ಏರಿತು. ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದರು. ಮದ್ಯಪಾನ ವಿರೋಧಿ ಚಳವಳಿಯ ನಾಯಕಿ ಫ್ರಾನ್ಸಿಸ್ ವಿಲ್ಲರ್ಡ್ 53ನೇ ವಯಸ್ಸಿನಲ್ಲಿ ಸೈಕಲ್ ಕಲಿತು, ಆ ಅನುಭವವನ್ನ 1895ರಲ್ಲಿ ಪುಸ್ತಕವಾಗಿ ಬರೆದರು. ತಮ್ಮ ಸೈಕಲ್ಲಿಗೆ 'ಗ್ಲ್ಯಾಡಿಸ್' ಅಂತ ಹೆಸರೂ ಇಟ್ಟಿದ್ದರು. ಆ್ಯನಿ ಲಂಡನ್‌ಡೆರಿ ಎಂಬ ಹೆಸರಿನಲ್ಲಿ ಒಬ್ಬ ಯುವ ತಾಯಿ 1894ರಲ್ಲಿ ಬಾಸ್ಟನ್ನಿನಿಂದ ವಿಶ್ವ ಪರ್ಯಟನೆಗೇ ಹೊರಟಳು. ಹೊರಟಾಗ ಅವಳ ಹತ್ತಿರ ಇದ್ದದ್ದು 42 ಪೌಂಡ್ ತೂಕದ ಲೇಡೀಸ್ ಸೈಕಲ್. ಶಿಕಾಗೊ ತಲುಪಿದ ಮೇಲೆ ಲಂಗ ಬಿಟ್ಟು ಸಡಿಲ ಚಡ್ಡಿ ತೊಟ್ಟು, ಅದರ ಅರ್ಧದಷ್ಟೇ ತೂಕದ ಗಂಡಸರ ಸೈಕಲ್ ಹತ್ತಿದಳು.

ಆಗ ಡಾಕ್ಟರುಗಳು ಮಾತಾಡೋಕೆ ಶುರು ಮಾಡಿದರು. ಅವರ ಆತಂಕದಲ್ಲಿ ಎರಡು ಬಗೆ ಇತ್ತು. ಒಂದು ನ್ಯಾಯವಾದದ್ದು: ಸೀಟಿನ ಮೂತಿ ಮೆತ್ತನೆಯ ಭಾಗಕ್ಕೆ ಒತ್ತುತ್ತದೆ, ಗಾಯವಾಗುತ್ತದೆ ಅನ್ನೋದು. ಇನ್ನೊಂದು, ಹೆಂಗಸರು ಸೀಟಿನ ಮೂತಿಯನ್ನ ಮೇಲೆತ್ತಿ, ಮುಂದಕ್ಕೆ ಬಾಗಿ, ಅದರಿಂದ ಸುಖ ಪಡೆದು ದಾರಿ ತಪ್ಪುತ್ತಾರೆ ಅನ್ನೋದು! ಬ್ರೂಕ್ಲಿನ್ನಿನ ಸ್ತ್ರೀರೋಗ ತಜ್ಞ ರಾಬರ್ಟ್ ಡಿಕಿನ್ಸನ್ 1895ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು. ಅವರೇನೂ ಸೈಕಲ್ಲಿನ ವಿರೋಧಿಯಲ್ಲ, ಹೆಂಗಸರಿಗೆ ವ್ಯಾಯಾಮ ಬೇಕು ಅಂದವರು. ಆದರೂ ಈ ಭಯವನ್ನ ಅವರೂ ಪಕ್ಕಕ್ಕೆ ತಳ್ಳಲಿಲ್ಲ. ನೋವನ್ನ ಕಣ್ಣಿಂದ ನೋಡಿದ ವೈದ್ಯಶಾಸ್ತ್ರ, ಅದರ ಪಕ್ಕದಲ್ಲೇ ಶೀಲವನ್ನೂ ಇಟ್ಟು ತೂಗಿತು.

ತಮಾಷೆ ಅಂದ್ರೆ ಎರಡೂ ಭಯಕ್ಕೆ ಮದ್ದು ಒಂದೇ ಆಯ್ತು. 'ಆರೋಗ್ಯಕರ ಸೀಟು' ಅನ್ನೋ ಹೆಸರಿನಲ್ಲಿ ಮಧ್ಯೆ ಸಂದು ಬಿಟ್ಟ, ಮೂತಿ ಚಿಕ್ಕದಾದ ಸೀಟುಗಳು ಬಂದವು. ಅದರಲ್ಲಿ ಹೆಸರಾದದ್ದು ಕ್ರಿಸ್ಟಿ. ಲೋಹದ ಚೌಕಟ್ಟು, ಎರಡು ಕಡೆ ಎರಡು ಮೆತ್ತೆ, ನಡುವೆ ಖಾಲಿ. ಜಾಹೀರಾತಿನಲ್ಲಿ ಸೊಂಟದ ಮೂಳೆಯ ಚಿತ್ರವನ್ನೇ ಹಾಕಿ, ಮಾಮೂಲಿ ಸೀಟಿನ ಮೇಲೆ ಅದು ಹೇಗೆ ಕೂರುತ್ತೆ, ನಮ್ಮ ಸೀಟಿನ ಮೇಲೆ ಹೇಗೆ ಕೂರುತ್ತೆ ಅಂತ ತೋರಿಸ್ತಿದ್ದರು. ಅಂದ್ರೆ, ಭಾರ ಮೂಳೆಯ ಮೇಲೆ ಬೀಳಬೇಕು, ಮಾಂಸದ ಮೇಲಲ್ಲ ಅನ್ನೋ ತಿಳಿವಳಿಕೆ 1890ರ ದಶಕದಲ್ಲೇ ಇತ್ತು. 1896ರಲ್ಲಿ ಮರಿಯಾ ವಾರ್ಡ್ ಹೆಂಗಸರಿಗಾಗಿ ಬರೆದ ಸೈಕಲ್ ಕೈಪಿಡಿಯಂತೂ ಸ್ಪ್ಯಾನರ್ ಹಿಡಿದು ನಿಮ್ಮ ಸೈಕಲ್ ನೀವೇ ರಿಪೇರಿ ಮಾಡ್ಕೊಳ್ಳಿ ಅಂತ ಕಲಿಸಿತು.

ಆಮೇಲೆ ಆ ಹುಚ್ಚು ಇಳಿಯಿತು, ಮೋಟಾರು ಬಂತು, ಈ ಮಾತೂ ನಿಂತುಹೋಯ್ತು.

ಈಗ ನಮ್ಮ ಕಡೆಗೆ ಬರೋಣ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಅದನ್ನ ದಾಖಲಿಸಿದ್ದಾರೆ. ಲೇಡೀಸ್ ಸೈಕಲ್ ಸಾಲದೆ ಹೋದಾಗ ಅವರು ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಮುಂದಿನ ಬಾರಿನ ಮೇಲೆ ಮಗುವನ್ನ ಕೂರಿಸಿಕೊಳ್ಳಬಹುದು ಅನ್ನೋದು ಅವರಿಗೆ ಕಂಡ ಲಾಭ. ನಮ್ಮ ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿತು. ಬೆಳಿಗ್ಗೆ ಹಳ್ಳಿ ರಸ್ತೆಯಲ್ಲಿ ಎರಡು ಜಡೆಯ ಹುಡುಗಿಯರ ಸಾಲು ಸೈಕಲ್ಲು ನೋಡದವರಾರು?

ಇಲ್ಲಿ ನನಗೊಂದು ಸಂಶಯ ಬಂತು. ಆ ಹುಡುಗಿಯರ ಹಾಗೆ ನಾನೂ ತುಳಿದವಳಲ್ವಾ? ಆಗ ಯಾಕೆ ನೋಯಲಿಲ್ಲ? ಉತ್ತರ ಕೂರುವ ಭಂಗಿಯಲ್ಲಿದೆ. ಆ ಸೈಕಲ್ಲಿನಲ್ಲಿ ಹ್ಯಾಂಡಲ್ ಎತ್ತರ, ಬೆನ್ನು ನೆಟ್ಟಗೆ. ಪೃಷ್ಠದ ಒಳಗಿನ ಎರಡು ಮೂಳೆಗಳ ಮೇಲೆ ಭಾರವೆಲ್ಲ ಇಳಿಯುತ್ತೆ. ಹಿಂದೆ ಅಗಲವಾದ ಸ್ಪ್ರಿಂಗ್ ಸೀಟು ಅದನ್ನ ಹೊರುತ್ತೆ. ಗೇರ್ ಸೈಕಲ್ಲಿನಲ್ಲಿ ಮುಂದಕ್ಕೆ ಬಾಗ್ತೀವಿ. ಸೊಂಟ ಉರುಳುತ್ತೆ, ಭಾರ ಮೂಳೆ ಬಿಟ್ಟು ಮುಂದಿನ ಮೃದು ಭಾಗಕ್ಕೆ ಜಾರುತ್ತೆ. ನರ ಒತ್ತಿಕೊಳ್ಳುತ್ತೆ, ಮರಗಟ್ಟುತ್ತೆ.

ಇದನ್ನ ಅಳೆದೂ ನೋಡಿದ್ದಾರೆ. 2006ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮಾರ್ಷಾ ಗೆಸ್ ಮತ್ತು ಸಂಗಡಿಗರು 48 ಸೈಕಲ್ ಸವಾರ್ತಿಯರನ್ನ 22 ಓಟಗಾರ್ತಿಯರ ಜೊತೆ ಹೋಲಿಸಿದರು. ಸೈಕಲ್ ತುಳಿಯುವವರಲ್ಲಿ ಆ ಭಾಗದ ಸ್ಪರ್ಶಜ್ಞಾನ ಕಡಿಮೆ ಇತ್ತು. ಹ್ಯಾಂಡಲ್ ಸೀಟಿಗಿಂತ ಕೆಳಗಿದ್ದರೆ ಒತ್ತಡ ಹೆಚ್ಚು ಅಂತ 2012ರ ಇನ್ನೊಂದು ಅಧ್ಯಯನ ಹೇಳಿತು.

ನಡುವೆ ಮಧ್ಯದ ಸಂದು ಮತ್ತೆ ಬಂದಿತ್ತು. ಅಮೆರಿಕದ ಎಂಜಿನಿಯರ್ ಜಾರ್ಜೀನಾ ಟೆರಿ 1985ರಲ್ಲಿ ಹೆಂಗಸರ ಅಳತೆಯ ಸೈಕಲ್ಲುಗಳ ಕಂಪನಿ ಕಟ್ಟಿ, 90ರ ದಶಕದಲ್ಲಿ ನಡುವೆ ತೆರವು ಬಿಟ್ಟ ಸೀಟು ಮಾರಿದರು. 1997ರ ಸುಮಾರಿಗೆ ಬಾಸ್ಟನ್ನಿನ ವೈದ್ಯ ಅರ್ವಿನ್ ಗೋಲ್ಡ್‌ಸ್ಟೀನ್, ಸೀಟಿನಿಂದ ಗಂಡಸರ ಪುರುಷತ್ವಕ್ಕೇ ಅಪಾಯ ಅಂದಾಗ ದೊಡ್ಡ ಗದ್ದಲವಾಯ್ತು. 2019ರಲ್ಲಿ ಬ್ರಿಟನ್ನಿನ ಪ್ಯಾರಾಲಿಂಪಿಕ್ ಸವಾರ್ತಿ ಹನ್ನಾ ಡೈನ್ಸ್, ವರ್ಷಗಟ್ಟಲೆ ಸೀಟಿನ ಒತ್ತಡದಿಂದ ಆದ ಊತಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನ ತಮ್ಮ ಹೆಸರಿನಲ್ಲೇ ಪತ್ರಿಕೆಯಲ್ಲಿ ಬರೆದರು. ಅದನ್ನ ಓದಿದ ದಿನ ನಾನು, ಇದು ನನ್ನೊಬ್ಬಳ ನಾಜೂಕಲ್ಲ ಅಂತ ನಿಟ್ಟುಸಿರು ಬಿಟ್ಟೆ.

ಕೊನೆಗೆ ನಾನು ಮಾಡಿದ್ದು ಇಷ್ಟು. ಗಟ್ಟಿ ಸ್ಟೂಲಿನ ಮೇಲೆ ಸುಕ್ಕುಪದರದ ರಟ್ಟು ಇಟ್ಟು, ಅದರ ಮೇಲೆ ಒತ್ತಿ ಕೂತೆ. ಎರಡು ಕುಳಿ ಮೂಡಿದವು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 14 ಸೆಂ.ಮೀ. ಸೈಕಲ್ ಜೊತೆ ಬಂದ ಸೀಟಿನ ಅತಿ ಅಗಲದ ಭಾಗ 14.3! ಅಂದ್ರೆ ನನ್ನ ಮೂಳೆಗಳು ಸೀಟಿನ ಅಂಚಿನಲ್ಲಿ ನೇತಾಡ್ತಿದ್ದವು. ಕುಳಿಗಳ ಅಂತರಕ್ಕಿಂತ ಎರಡು ಸೆಂ.ಮೀ. ಆದರೂ ಹೆಚ್ಚಿನ ಅಗಲ ಬೇಕಿತ್ತು. ಜೆಲ್ ಕವರ್ ಯಾಕೆ ಕೆಲಸ ಮಾಡಲಿಲ್ಲ ಅಂತಲೂ ತಿಳೀತು. ಮೂಳೆ ಜೆಲ್ಲಿನಲ್ಲಿ ಹುಗಿದುಕೊಂಡಾಗ ನಡುವಿನ ಜೆಲ್ ಮೇಲಕ್ಕೆ ಉಬ್ಬಿ, ಬೇಡದ ಜಾಗಕ್ಕೇ ಒತ್ತುತ್ತೆ.

ಅಗಲವಾದ, ಸ್ವಲ್ಪ ಗಟ್ಟಿಯಾದ, ನಡುವೆ ಸಂದಿರುವ ಸೀಟು ಹಾಕಿಸಿದೆ. ಮೂತಿಯನ್ನ ಕೊಂಚ ತಗ್ಗಿಸಿ, ಹ್ಯಾಂಡಲ್ ಎತ್ತರಿಸಿದೆ. ಅದೂ ಮೂರನೇ ಸೀಟಿಗೆ ಸರಿಹೋಯ್ತು, ಮೊದಲನೆಯದಕ್ಕಲ್ಲ. ಒಂದು ಮಾತು: 'ಲೇಡೀಸ್' ಅಂತ ಬರೆದಿದ್ದರೆ ಸಾಕು ಅಂದುಕೋಬೇಡಿ. ಸರಾಸರಿಯಲ್ಲಿ ಹೆಂಗಸರ ಮೂಳೆಗಳ ಅಂತರ ಹೆಚ್ಚು, ನಿಜ. ಆದರೆ ಕಿರಿದಾದ ಸೀಟೇ ಒಪ್ಪುವ ಹೆಂಗಸರೂ, ಅಗಲದ ಸೀಟು ಬೇಕಾದ ಗಂಡಸರೂ ಬೇಕಾದಷ್ಟು ಇದ್ದಾರೆ. ಚೀಟಿ ನೋಡಬೇಡಿ, ರಟ್ಟು ನೋಡಿ. ಮರಗಟ್ಟೋದು, ಊತ, ಗಾಯ ಹೋಗದೇ ಇದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ.

ಕಳೆದ ತಿಂಗಳು ಅಕ್ಕನ ಮಗಳು ಹೊಸ ಸೈಕಲ್ ತಗೊಂಡಳು. ಎರಡನೇ ದಿನಕ್ಕೇ, "ಚಿಕ್ಕಮ್ಮಾ, ಸೀಟು ನೋಯ್ತಿದೆ" ಅಂದಳು. ಅಮ್ಮ ಏನೋ ಹೇಳೋಕೆ ಬಾಯಿ ತೆರೆದರು. ನಾನು ಅಷ್ಟರಲ್ಲಿ ರಟ್ಟು ಹುಡುಕೋಕೆ ಎದ್ದಿದ್ದೆ.