ಪೋಸ್ಟಿಂಗ್ ಮತ್ತು ಒಲವು: ಚಿತ್ರದುರ್ಗ ಸೀಮೆಯ ನರ್ಸಿಂಗ್ ವಿದ್ಯಾರ್ಥಿಗಳ ವಿಭಾಗದ ಆಯ್ಕೆ

ನರ್ಸಿಂಗ್ ವಿದ್ಯಾರ್ಥಿ ಐಸಿಯು ಬಯಸಿದರೆ ಧೈರ್ಯಸ್ಥೆ, ಮಕ್ಕಳ ವಾರ್ಡ್ ಬಯಸಿದರೆ ಮೃದು ಮನಸ್ಸಿನವಳು ಎಂದು ಆಯ್ಕೆಯನ್ನು ಸ್ವಭಾವಕ್ಕೆ ಕಟ್ಟುವುದು ರೂಢಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಿನ್ನೆಲೆಯಲ್ಲಿ ನೋಡಿದರೆ ಪೋಸ್ಟಿಂಗಿನ ಕ್ರಮ, ಅದು ನಡೆಯುವ ಜಾಗ ಮತ್ತು ಮನೆಯವರ ಲೆಕ್ಕಾಚಾರಕ್ಕೆ ಸ್ವಭಾವಕ್ಕಿಂತ ದೊಡ್ಡ ಪಾಲಿದೆ ಎಂಬುದು ಈ ಲೇಖನದ ವಾದ.

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ವಯಸ್ಕರ ಶುಶ್ರೂಷೆ 3 ಮತ್ತು 4ನೇ ಸೆಮಿಸ್ಟರುಗಳಲ್ಲಿ ಬರುತ್ತದೆ. ಮಕ್ಕಳ ಶುಶ್ರೂಷೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯಗಳು 5ರಿಂದ, ಪ್ರಸೂತಿ 6ರಿಂದ. ಮನೋರೋಗಿಯ ಹತ್ತಿರ ಕೂರುವ ಹೊತ್ತಿಗೆ ವಿದ್ಯಾರ್ಥಿಯ ಕೈ ಸರ್ಜಿಕಲ್ ವಾರ್ಡು, ಓಟಿ, ಐಸಿಯುಗಳಲ್ಲಿ ಪಳಗಿರುತ್ತದೆ. ಪಳಗಿದ ಕೈ ಇದ್ದಲ್ಲಿಗೇ ಮನಸ್ಸೂ ವಾಲುತ್ತದೆ.

ಮನೋರೋಗ ವಿಭಾಗದ ಬಗೆಗಿನ ಹಿಂಜರಿಕೆ ನಮ್ಮಲ್ಲಿ ಮಾತ್ರ ಇಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ವಿದ್ಯಾರ್ಥಿಗಳ ಬಗ್ಗೆ ಬ್ರೆಂಡಾ ಹ್ಯಾಪೆಲ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಆ ವಿಭಾಗ ಇಷ್ಟದ ವಿಭಾಗಗಳ ಪಟ್ಟಿಯ ಕೊನೆಯ ಕಡೆಗಿತ್ತು. ನಮ್ಮಲ್ಲಿ ಜೊತೆಗೆ ದೂರವೂ ಸೇರುತ್ತದೆ. ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಸಂಸ್ಥೆಗೆ ಕೆಲವು ವಾರ ಹೋಗಿ, ಕಾಯಿಲೆ ಉಲ್ಬಣಿಸಿದವರನ್ನೇ ನೋಡಿ, ಕೇಸ್ ಬುಕ್ ಬರೆದು ಬರುವವರಿಗೆ ಗುಣಮುಖರಾಗಿ ಹೊಲಕ್ಕೆ ಮರಳಿದ ರೋಗಿ ಕಾಣಸಿಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಭಯ ಉಳಿಯುವುದಕ್ಕೆ ಇದೇ ಮುಖ್ಯ ಕಾರಣ. ವಿಪರ್ಯಾಸವೆಂದರೆ, ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಗೆ ದೇಶಕ್ಕೇ ಮಾದರಿಯಾದ ನಿಮ್ಹಾನ್ಸ್‌ನ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ಪಕ್ಕದ ಬಳ್ಳಾರಿಯಲ್ಲಿ. ರಾಜ್ಯದ ಮನೋಚೈತನ್ಯ ಯೋಜನೆ 2014ರಿಂದ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕಳಿಸುವ ಏರ್ಪಾಡು ಮಾಡಿತು. ಪೋಸ್ಟಿಂಗಿನ ಒಂದು ಭಾಗವನ್ನು ಹಿರಿಯೂರು, ಹೊಸದುರ್ಗದ ಹೊರರೋಗಿ ವಿಭಾಗದಲ್ಲಿ ಕಳೆಯುವ ಹುಡುಗಿ ಔಷಧಿ ಮುಂದುವರಿಸಲು ಬಂದವರ ಜೊತೆ ತನ್ನದೇ ಊರಿನ ಮಾತಿನಲ್ಲಿ ಮಾತಾಡಬಲ್ಲಳು.

ಸಮುದಾಯ ಆರೋಗ್ಯದ ಕಥೆ ಬೇರೆ. 2018ರ ಆಯುಷ್ಮಾನ್ ಭಾರತ್ ಯೋಜನೆಯ ನಂತರ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯಾಧಿಕಾರಿಗಳಾಗಿ (ಸಿಎಚ್‌ಒ) ನರ್ಸಿಂಗ್ ಪದವೀಧರರು ಬಂದರು. ಹಿಂದೆ ‘ಫೀಲ್ಡ್ ಪೋಸ್ಟಿಂಗ್’ ಎಂದು ಹಗುರವಾಗಿ ನೋಡುತ್ತಿದ್ದ ಕೆಲಸಕ್ಕೆ ಹುದ್ದೆಯೂ ಸಂಬಳವೂ ಸಿಕ್ಕವು. ಅಂತರ್ಜಲದ ಫ್ಲೋರೈಡ್‌ನಿಂದ ಹಲ್ಲು, ಕೀಲು ಹಾಳಾದವರಿರುವ ಈ ಜಿಲ್ಲೆಗೆ ಇಂಥವರು ಬೇಕೇ ಬೇಕು. ಆದರೆ ಅದು ಗುತ್ತಿಗೆಯ ಹುದ್ದೆ. ಶಿಕ್ಷಣ ಸಾಲ ತೀರಿಸಬೇಕಾದ ಮನೆಯವರು ಕೊಲ್ಲಿ ದೇಶ, ಬ್ರಿಟನ್ನುಗಳ ಕೆಲಸಕ್ಕೆ ನೆರವಾಗುವ ಐಸಿಯು ಅನುಭವವನ್ನೇ ಮೊದಲು ನೋಡುತ್ತಾರೆ. ಅದನ್ನು ದುರಾಸೆ ಎನ್ನುವುದು ಅನ್ಯಾಯ.

ಗಂಡು ವಿದ್ಯಾರ್ಥಿಗಳಿಗೆ ಪ್ರಸೂತಿ ವಾರ್ಡಿನ ಬಾಗಿಲು ಅರ್ಧ ಮಾತ್ರ ತೆರೆದಿರುತ್ತದೆ. ತುರ್ತು ಚಿಕಿತ್ಸೆ, ಮೂಳೆ ವಿಭಾಗಗಳಲ್ಲಿ ‘ಬ್ರದರ್’ಗಳಿಗೆ ಸ್ವಾಗತವಿದೆ. ರಾಷ್ಟ್ರೀಯ ಹೆದ್ದಾರಿ 48 ಹಿರಿಯೂರು, ಚಿತ್ರದುರ್ಗಗಳ ಮೂಲಕವೇ ಹಾದುಹೋಗುವುದರಿಂದ ಅಪಘಾತದ ಗಾಯಾಳುಗಳನ್ನು ನಿಭಾಯಿಸುವ ಕೌಶಲಕ್ಕೆ ಇಲ್ಲಿ ನಿಜವಾದ ಅಗತ್ಯವೂ ಇದೆ.

ಈ ವಾದವನ್ನು ಪರೀಕ್ಷಿಸಲು ಮುಂದಿನ ಸಂಶೋಧನೆ ಒಂದೇ ಪ್ರಶ್ನಾವಳಿಯನ್ನು ಎರಡು ಸಲ ಕೇಳಬೇಕು: 5ನೇ ಸೆಮಿಸ್ಟರಿಗೆ ಮುನ್ನ, ಮತ್ತೆ 8ರ ಇಂಟರ್ನ್‌ಶಿಪ್ಪಿನಲ್ಲಿ. ಪ್ರತಿ ಉತ್ತರದ ಜೊತೆ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ವಾರ, ಕಲಿಸುವವರು ಪಕ್ಕದಲ್ಲಿದ್ದರೇ ಎಂಬುದನ್ನೂ ದಾಖಲಿಸಬೇಕು. ಹೊಳಲ್ಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಕಲಿತವರ ಒಲವನ್ನು ಚಿತ್ರದುರ್ಗದ ಬೋಧನಾ ಆಸ್ಪತ್ರೆಯಲ್ಲಷ್ಟೇ ಕಲಿತವರ ಒಲವಿನೊಂದಿಗೆ ಹೋಲಿಸಿ ನೋಡಲು ಆಗ ಆಧಾರ ಸಿಗುತ್ತದೆ.